ಅಡ್ಡಹೆಸರು ಮಸ್ಕಿ

ಮಸ್ಕಿ
9 ಜೂನ್ 2025

ಜಯಶ್ರೀ ಅವರಿಗೆ,

ಇದು ಕ್ಷೇಮ ಕೇಳುವ ಪತ್ರವಲ್ಲ, ಆದ್ದರಿಂದ ಆ ಮಾತು ಬಿಟ್ಟೇ ಶುರು ಮಾಡುತ್ತೇನೆ. ವಾಟ್ಸಾಪ್ ಇರುವಾಗ ಕಾಗದ ಯಾಕೆ ಎಂದು ನೀವು ಕೇಳಬಹುದು. ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಅಳಿಸಬಹುದು, ಅದಕ್ಕೆ. ಮೇ ತಿಂಗಳಲ್ಲಿ ನೀವೊಂದು ಸಂದೇಶ ಕಳಿಸಿದಿರಿ. ನಾನು ಕೈ ತೊಳೆದು ಬಂದು ಫೋನ್ ಎತ್ತುವಷ್ಟರಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂದು ಕಾಣಿಸಿತು. ಏನಿತ್ತು ಎಂದು ಕೇಳಿದರೆ, ‘ಏನಿಲ್ಲ ಬಿಡು, ಬ್ಯಾರೇದವರಿಗೆ ಕಳಸೋದು ನಿನಗ ಬಂತು’ ಅಂದಿರಿ. ಕಾಗದದ ಮೇಲೆ ಬರೆದು ಟಪ್ಪಾಲಿಗೆ ಹಾಕಿದ್ದನ್ನು ನೀವೂ ಅಳಿಸಲಾರಿರಿ, ನಾನೂ ಅಳಿಸಲಾರೆ.

ಥೂ, ಈ ‘ನೀವು’ ನನ್ನ ಕೈಲಿ ಆಗುವುದಿಲ್ಲ. ನೀ ಅಂತಲೇ ಬರೆಯುತ್ತೇನೆ. ಅಷ್ಟಕ್ಕೇ ಸಿಟ್ಟು ಇಳಿದಿದೆ ಎಂದು ತಿಳಿಯಬೇಡ.

ಏಪ್ರಿಲ್‌ನಲ್ಲಿ ನೆದರ್ಲೆಂಡ್ಸಿನ ಲ್ಯಾಬಿನವರು ನನ್ನ ಸಂದರ್ಶನ ಮಾಡಿದ್ದು ನಿನಗೆ ಗೊತ್ತು. ಭತ್ತಕ್ಕೆ ಬೆಂಕಿ ರೋಗ ತರುವ ಬೂಷ್ಟಿನ ಜೀನೋಮ್ ಕೆಲಸ, ನಾವಿಬ್ಬರೂ ಪಿಎಚ್‌ಡಿಯಲ್ಲಿ ಮಾಡಿದ್ದೇ. ಆ ಪ್ರೊಫೆಸರಮ್ಮ ತುರ್ವಿಹಾಳದ ಗದ್ದೆಗಳಿಂದ ನಾವು ತಂದ ರೋಗದ ಎಲೆಗಳ ಬಗ್ಗೆ ಕೇಳಿದ್ದೇ ಕೇಳಿದ್ದು. ಕೊನೆಗೆ ‘ಬೇಗ ಭೇಟಿಯಾಗೋಣ’ ಅಂದರು. ಇನ್ನು ಶಿಫಾರಸು ಪತ್ರ ಬಂದರೆ ಮುಗಿಯಿತು ಎಂದುಕೊಂಡಿದ್ದೆ. ಪತ್ರಗಳು ಹೋದವು. ಆಮೇಲೆ ಒಂದೇ ಸಾಲಿನ ಮೇಲ್: ‘ನಿಮ್ಮ ಶಿಫಾರಸು ಪತ್ರಗಳನ್ನು ಪರಿಶೀಲಿಸಿದ ನಂತರ ನಿಮ್ಮ ಅರ್ಜಿಯನ್ನು ಮುಂದುವರಿಸಲಾಗುತ್ತಿಲ್ಲ.’

ಶಿಫಾರಸು ಕೊಟ್ಟವರು ಇಬ್ಬರೇ. ಒಬ್ಬರು ನಮ್ಮ ಗೈಡ್ ವೀರೇಂದ್ರ ಸರ್, ಇನ್ನೊಬ್ಬಳು ನೀನು. ಸರ್ ತಮ್ಮದನ್ನು ಫೋನಿನಲ್ಲೇ ನನಗೆ ಓದಿ ಹೇಳಿದರು. ಉಳಿದದ್ದು ಯಾರದು ಎಂದು ಲೆಕ್ಕ ಹಾಕಲು ಬಯೋಇನ್ಫರ್ಮ್ಯಾಟಿಕ್ಸ್ ಬೇಕಿಲ್ಲ.

ಪಿಎಚ್‌ಡಿ ಮುಗಿದು ಐದು ವರ್ಷ ದಾಟಿದವರು ಈ ಪೋಸ್ಟ್‌ಡಾಕ್ ಎಂಬ ಸಂಶೋಧನೆಯ ಕೆಲಸಕ್ಕೆ ಅರ್ಜಿ ಹಾಕುವಂತಿಲ್ಲ. ನನಗೆ ಡಿಸೆಂಬರಿಗೆ ಐದು ತುಂಬುತ್ತದೆ. ಇದು ಹೋದರೆ ಲಿಂಗಸುಗೂರಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿಯೇ ಇರಬೇಕು. ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಎಂದು ಬಸ್ಸಿನಲ್ಲಿ ಕೂತು ಯೋಚಿಸುವುದೇ ನನ್ನ ಸಂಶೋಧನೆಯಾಗುತ್ತದೆ. ಅಪ್ಪನಿಗಂತೂ ಇದು ಏನೆಂಬುದೇ ಇನ್ನೂ ಹತ್ತಿಲ್ಲ. ‘ಪೋಸ್ಟ್ ಅಂದ್ರೂ ಟಪ್ಪಾಲ, ಡಾಕ್ ಅಂದ್ರೂ ಟಪ್ಪಾಲ. ಇಷ್ಟ್ ಓದಿ ಟಪ್ಪಾಲ ಹಂಚಾಕ ಪರದೇಶಕ್ಕ ಹೊಂಟೀಯೇನವ್ವ?’ ಅನ್ನುತ್ತಾನೆ. ಕೆಲಸ ಸಿಕ್ಕಿದ್ದರೆ ನಾನೂ ನಗುತ್ತಿದ್ದೆ.

ಏನು ಬರೆದೆ? ಅದನ್ನಷ್ಟೇ ಹೇಳು.

ಅನುಪಮಾ


ಹೈದರಾಬಾದ್
18 ಜೂನ್ 2025

ಅನು,

ಹುಟ್ಟಿದಾಗಿನಿಂದ ಜಯಕ್ಕ ಎಂದವಳು ‘ಜಯಶ್ರೀ ಅವರಿಗೆ’ ಎಂದು ಬರೆದಿದ್ದೀ. ಬ್ಯಾಂಕಿನ ನೋಟಿಸೇನೋ ಎಂದುಕೊಂಡು ಒಡೆದೆ.

ನಿನ್ನ ಬಗ್ಗೆ ನಾನು ಕೆಟ್ಟದ್ದು ಬರೆದಿದ್ದರೆ ನನ್ನ ಕೈಗೆ ಹುಳ ಬೀಳಲಿ. ಹೊಗಳಿ ಹೊಗಳಿ ಇಟ್ಟಿದ್ದೇನೆ. ಅದಕ್ಕಿಂತ ಹೆಚ್ಚು ಹೇಳಲಾರೆ. ಶಿಫಾರಸು ಪತ್ರ ಗುಟ್ಟಿನದು, ಅರ್ಜಿದಾರರಿಗೆ ತೋರಿಸಬಾರದು ಎಂದು ಅವರೇ ನಿಯಮ ಮಾಡಿದ್ದಾರೆ. ವೀರೇಂದ್ರ ಸರ್ ಓದಿ ಹೇಳಿದರೆ ಅದು ಅವರ ದೊಡ್ಡಸ್ತಿಕೆ. ನಾನು ಇನ್ನೂ ಕೆಲಸ ಕಾಯಂ ಆಗದವಳು, ನಿಯಮ ಮುರಿದು ಸಿಕ್ಕಿಬೀಳಲಾರೆ.

ಅಳಿಸಿದ ಸಂದೇಶ ನಿನ್ನದಲ್ಲ ಎಂದು ಆವತ್ತೇ ಹೇಳಿದ್ದೇನೆ. ಮತ್ತೆ ಮತ್ತೆ ಅದನ್ನೇ ಕೆದಕಬೇಡ.

ಕೇಳಿದ್ದಕ್ಕೆ ನಾನೂ ಒಂದು ಕೇಳುತ್ತೇನೆ. ಸಂದರ್ಶನಕ್ಕೆ ಮುಂಚೆ ನಿನ್ನ ಸ್ಲೈಡುಗಳನ್ನು ನನಗೆ ಕಳಿಸಿದ್ದೆಯಲ್ಲ, ಅದರಲ್ಲಿ ನನ್ನ ಹೆಸರು ಎಲ್ಲಿತ್ತು? ಕೊನೆಯ ಪುಟದಲ್ಲಿ, ಧನ್ಯವಾದಗಳ ಕೆಳಗೆ, ಇರುವೆ ಅಕ್ಷರದಲ್ಲಿ. ಮೊಣಕಾಲು ಮಟ್ಟ ಕೆಸರಿನಲ್ಲಿ ನಿಂತು ಎಲೆ ಕಿತ್ತವಳು ನಾನು. ಆ ಬೂಷ್ಟನ್ನು ಕೂಸಿನಂತೆ ಸಾಕಿ ಬೆಳೆಸಿದವಳು ನಾನು. ನೀ ಎಸಿಯಲ್ಲಿ ಕೂತು ಕಂಪ್ಯೂಟರಿನಲ್ಲಿ ಅದರ ಅಕ್ಷರ ಓದಿದೆ. ಇಂಗ್ಲಿಷಿನವರು ಒಂದಕ್ಕೆ ವೆಟ್ ಲ್ಯಾಬ್, ಇನ್ನೊಂದಕ್ಕೆ ಡ್ರೈ ಲ್ಯಾಬ್ ಎಂದರೆ, ‘ನಿಂದು ತರಿ, ನಂದು ಖುಷ್ಕಿ, ನೀರಾವರಿಯವರಿಗೆ ಯಾವತ್ತೂ ಸೊಕ್ಕು ಜಾಸ್ತಿ’ ಎಂದು ನೀನೇ ನಗುತ್ತಿದ್ದೆ. ತರಿ ಇಲ್ಲದೆ ನಿನ್ನ ಖುಷ್ಕಿ ಏನು ಬೆಳೆಯುತ್ತಿತ್ತು ಎಂದು ಆ ಪ್ರೊಫೆಸರಿಗೆ ಹೇಳಿದ್ದೆಯಾ? ಅವರು ಬೇಡ ಅಂದದ್ದಕ್ಕೆ ಅದೂ ಒಂದು ಕಾರಣವಿರಬಹುದು, ಯಾರಿಗೆ ಗೊತ್ತು.

ಬೇಜಾರಾಗಿದೆ. ಆದರೂ ನಿಮ್ಮವ್ವ ಅಯ್ಯಮ್ಮತ್ತೆಗೆ ನಾನು ಕೇಳಿದೆ ಎಂದು ಹೇಳು.

ಜಯಕ್ಕ
(ಈಗಲೂ ಅದೇ ಹೆಸರು)


ಮಸ್ಕಿ
29 ಜೂನ್ 2025

ಜಯಕ್ಕ,

ಸ್ಲೈಡಿನಲ್ಲಿ ನಿನ್ನ ಹೆಸರು ಸಣ್ಣದಾಯಿತು, ಒಪ್ಪುತ್ತೇನೆ. ಆದರೆ ಸಂದರ್ಶನದಲ್ಲಿ ಬಾಯಿಬಿಟ್ಟು ಹೇಳಿದ್ದೇನೆ, ಹೊಲದ ಕೆಲಸ ಪೂರ್ತಿ ನಿನ್ನದು ಅಂತ. ಪ್ರೊಫೆಸರಮ್ಮನೇ ನಿನ್ನ ಹೆಸರು ಕೇಳಿ ಬರೆದುಕೊಂಡರು. ಆ ನೆಪ ಇಟ್ಟುಕೊಂಡು ನನ್ನ ಪ್ರಶ್ನೆ ತಪ್ಪಿಸಬೇಡ.

ಈಗ ನನಗೆ ಇನ್ನೊಂದು ಗೊತ್ತಾಗಿದೆ. ಸಂತೆಯಲ್ಲಿ ನಿಮ್ಮವ್ವ ಸಿಕ್ಕಿದ್ದರು. ಹಸಿಮೆಣಸಿನಕಾಯಿ ಆರಿಸುತ್ತಾ ಕೂತಿದ್ದರು. ನನ್ನ ನೋಡಿದವರೇ, ‘ಏನವ್ವ, ಇನ್ನೂ ಪರದೇಶಕ್ಕ ಹೋಗಿಲ್ಲೇನು?’ ಅಂದರು.

‘ಇಲ್ಲ್ರೀ, ಯಾಕೋ ಬ್ಯಾಡ ಅಂದ್ರು.’

‘ಅಯ್ಯ, ಅದ್ಹೆಂಗ? ನಮ್ಮ ಜಯಶ್ರೀಗೆ ಕೇಳಿದ್ರಂತಲ್ಲ, ಈ ಹುಡುಗಿ ನಿಮಗೇನಾಗಬೇಕು ಅಂತ.’

‘ಜಯಕ್ಕ ಏನಂದ್ಲಂತ್ರೀ?’

‘ನನಗೇನ್ ಗೊತ್ತವ್ವ? ನೀವ್ ನಮಗೇನಾಗಬೇಕು? ಏನೂ ಆಗಬೇಕಿಲ್ಲ’ ಎಂದು ನಕ್ಕು, ಕೊಸರಿಗೆ ಒಂದು ಹಿಡಿ ಮೆಣಸಿನಕಾಯಿ ಹಾಕಿಸಿಕೊಂಡು ಎದ್ದು ಹೋದರು.

ಅಂದರೆ ಅವರು ನಿನ್ನನ್ನು ನನ್ನ ಬಗ್ಗೆ ಕೇಳಿದ್ದಾರೆ. ನೀನು ಉತ್ತರ ಕೊಟ್ಟಿದ್ದೀ. ಅದಾದ ಮೇಲೆಯೇ ನನ್ನ ಅರ್ಜಿ ಬಿದ್ದಿದೆ. ಇದನ್ನು ನನಗೆ ಹೇಳದೆ ಮುಚ್ಚಿಟ್ಟು, ‘ಕೈಗೆ ಹುಳ ಬೀಳಲಿ’ ಎಂದು ಆಣೆ ಮಾಡಿದ್ದೀ.

ನನ್ನ ಮನಸ್ಸಿನಲ್ಲಿ ಓಡುತ್ತಿರುವುದನ್ನು ಹೇಳಿಬಿಡುತ್ತೇನೆ, ಒಳಗಿಟ್ಟುಕೊಂಡರೆ ಹುಳಿಯುತ್ತದೆ. ‘ಆಕೆ ನಮ್ಮವಳಲ್ಲ, ಆ ಕೇರಿಯವಳು, ಸೀಟು ಹೇಗೆ ಸಿಕ್ಕಿತೋ ಹಾಗೆ ಸಿಕ್ಕಿತು’ ಎಂದು ಬರೆದೆಯಾ? ವಿಶ್ವವಿದ್ಯಾಲಯದಲ್ಲಿ ನನ್ನ ಬೆನ್ನ ಹಿಂದೆ ಈ ಮಾತು ಆಡಿದವರು ಬಹಳ ಜನ ಇದ್ದರು. ನೀನು ಆ ಗುಂಪಿನಲ್ಲಿ ಇಲ್ಲ ಎಂದು ನಂಬಿದ್ದೆ. ಈಗ ನಂಬಿಕೆ ಅಲುಗಾಡುತ್ತಿದೆ. ಬೈದರೂ ಚಿಂತೆಯಿಲ್ಲ, ನಿಜ ಬರೆ.

ಅನುಪಮಾ


ಹೈದರಾಬಾದ್
7 ಜುಲೈ 2025

ಅನು,

ನಿನ್ನ ಪತ್ರ ಓದಿದೆ. ಆ ಮಾತು ನನ್ನ ಬಾಯಲ್ಲಿ ಬರುತ್ತದೆ ಎಂದು ನೀ ಹೇಗೆ ಅಂದುಕೊಂಡೆ? ಇಷ್ಟಾದ ಮೇಲೆ ಆ ನಿಯಮಕ್ಕೆ ಬೆಂಕಿ ಹತ್ತಲಿ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಶಿಫಾರಸಿನಲ್ಲಿ ನಿನ್ನ ಕೆಲಸದ ಬಗ್ಗೆ ಎರಡು ಪುಟ ಬರೆದೆ. ಕೊನೆಯಲ್ಲಿ ಬರೀ ಕೆಲಸದ ಮಾತಾಯಿತಲ್ಲ, ನಿನ್ನ ಗುಣದ ಬಗ್ಗೆಯೂ ಒಂದು ಮಾತಿರಲಿ ಎನಿಸಿತು. ‘ಈಕೆ ನನ್ನ ತಂಗಿ, ಒಂದೇ ಊರಿನವರು, ಚಿಕ್ಕಂದಿನಿಂದ ಬಲ್ಲೆ’ ಎಂದು ಇಂಗ್ಲಿಷಿನಲ್ಲಿ ಬರೆದೆ. ನಮ್ಮ ಕಡೆ ಹಾಗೆಯೇ ಅನ್ನುವುದಲ್ಲವೇ? ಬಸ್ಸಿನಲ್ಲಿ ಪಕ್ಕ ಕೂತವಳೂ ತಂಗಿಯೇ, ಹಾಲು ಹಾಕುವವನೂ ಅಣ್ಣನೇ. ‘ತಂಗಿ ಇದ್ದಂಗ’ ಎಂದು ಇಂಗ್ಲಿಷಿನಲ್ಲಿ ಇನ್ನೊಂದು ಪದ ಸೇರಿಸಬೇಕಿತ್ತು. ಅದು ನನಗೆ ಹೊಳೆಯಲೇ ಇಲ್ಲ.

ಮೇ ತಿಂಗಳಲ್ಲಿ ಅವರ ಆಫೀಸಿನಿಂದ ಮೇಲ್ ಬಂತು. ‘ಅರ್ಜಿದಾರರ ಅಡ್ಡಹೆಸರು ಮತ್ತು ನಿಮ್ಮ ಅಡ್ಡಹೆಸರು ಒಂದೇ ಇದೆ. ಅವರು ನಿಮಗೆ ಸಂಬಂಧಿಯೇ?’ ಎಂದು ಕೇಳಿದ್ದರು. ಅಡ್ಡಹೆಸರು ಎಲ್ಲಿಂದ ಬಂತು ಎಂದು ನಿನಗೂ ಗೊತ್ತು. ಪಾಸ್‌ಪೋರ್ಟ್ ಅರ್ಜಿಯ ಖಾನೆ ಖಾಲಿ ಬಿಡಬಾರದು ಅಂದಾಗ ಊರ ಹೆಸರು ಹಾಕು ಎಂದು ನಾನೇ ನಿನಗೆ ಹೇಳಿದ್ದೆ. ನಾನು ಜಯಶ್ರೀ ಮಸ್ಕಿ, ನೀನು ಅನುಪಮಾ ಮಸ್ಕಿ. ಅವರ ಪ್ರಶ್ನೆ ಓದಿ ನನಗೆ ಖುಷಿಯೇ ಆಯಿತು. ಇಷ್ಟು ಹತ್ತಿರದವಳು ಹೇಳಿದ ಮಾತಿಗೆ ತೂಕ ಜಾಸ್ತಿ ಇರುತ್ತದೆ ಎಂದುಕೊಂಡೆ. ‘ಹೌದು, ಹುಟ್ಟಿದಾಗಿನಿಂದ’ ಎಂದು ಉತ್ತರ ಕಳಿಸಿದೆ.

ಆ ಸಂತೋಷಕ್ಕೆ ನಿನಗೆ ವಾಟ್ಸಾಪ್ ಮಾಡಿದ್ದೆ: ‘ನಿನ್ನನ್ನ ನಮ್ಮ ಮನಿಯಾಕಿ ಅಂದುಕೊಂಡಾರ, ನಾನೂ ಹೌದು ಅಂದೀನಿ.’ ಆಮೇಲೆ ಗುಟ್ಟಿನ ನಿಯಮ ನೆನಪಾಗಿ ಅಳಿಸಿದೆ. ನಿನ್ನ ಅರ್ಜಿ ಬಿದ್ದಾಗ ನನಗೂ ಸಂಶಯ ಬಂತು. ಅವರ ನಿಯಮ ತೆಗೆದು ಓದಿದರೆ, ಸಂಬಂಧಿಗಳು ಶಿಫಾರಸು ಕೊಡುವಂತಿಲ್ಲ, ಕೊಟ್ಟರೆ ಅರ್ಜಿ ರದ್ದು. ಹೇಳಲು ಬಾಯಿ ಬರಲಿಲ್ಲ ಅನು. ಒಳ್ಳೆಯದು ಮಾಡಲು ಹೋಗಿ ಹೀಗಾಯಿತು. ಇವತ್ತೇ ಅವರಿಗೆ ತಪ್ಪಾಯಿತು ಎಂದು ಬರೆಯುತ್ತೇನೆ.

ಜಯಕ್ಕ


ಮಸ್ಕಿ
16 ಜುಲೈ 2025

ಜಯಕ್ಕ,

ಮೊದಲು ನಕ್ಕೆ. ಅವ್ವ ಒಳಗಿನಿಂದ ‘ಏನಾತು ಬೇ?’ ಎಂದು ಬಂದಳು, ಅಷ್ಟು ನಕ್ಕೆ. ಆಮೇಲೆ ಸಿಟ್ಟು ಬಂತು.

ಮಸ್ಕಿಯಲ್ಲಿ ಯಾರನ್ನಾದರೂ ನಿಲ್ಲಿಸಿ ಕೇಳು, ಈ ಇಬ್ಬರೂ ಅಕ್ಕ ತಂಗಿಯರೇ ಎಂದು. ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಾರೆ. ಈ ಯುಗಾದಿಗೆ ನಿಮ್ಮ ಮನೆಗೆ ಬಂದಿದ್ದೆ. ನಿನ್ನ ಖಾಸ ತಂಗಿ ಗಂಗಾ ಒಳಗೆ ಅಡುಗೆಮನೆಯಲ್ಲಿ ನಿಮ್ಮವ್ವನ ಮಗ್ಗುಲಿಗೆ ಕೂತು ಹೋಳಿಗೆ ತಿನ್ನುತ್ತಿದ್ದಳು. ನಾನು ಹೊರಗೆ ಕಟ್ಟೆಯ ಮೇಲೆ. ನನಗೆ ಚಹಾ ಪೇಪರ್ ಕಪ್ಪಿನಲ್ಲಿ ಬಂತು. ಹಿಂದೆ ಬೇರೆ ಲೋಟ ಇಡಬೇಕಿತ್ತು, ಈಗ ಪೇಪರ್ ಕಪ್ ಬಂದು ನಿಮ್ಮವ್ವನ ಕೆಲಸ ಸಲೀಸಾಗಿದೆ. ನನ್ನ ಜೀವನದಲ್ಲಿ ನೀನು ನನ್ನನ್ನು ತಂಗಿ ಎಂದು ಬರೆದುಕೊಟ್ಟದ್ದು ಒಂದೇ ಸಲ. ಅದೂ ಎಲ್ಲಿ ಬರೆದರೆ ನನ್ನ ಅನ್ನ ಹೋಗುತ್ತದೋ ಅಲ್ಲಿಯೇ ಹುಡುಕಿ ಬರೆದೆ!

ಬೇಕೆಂದು ಮಾಡಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಮುಚ್ಚಿಟ್ಟದ್ದನ್ನು ಒಪ್ಪುವುದಿಲ್ಲ.

ನಾನೂ ಪ್ರೊಫೆಸರಮ್ಮನಿಗೆ ಬರೆದೆ. ಉತ್ತರ ಬಂದಿದೆ. ಜಾಗ ಇನ್ನೂ ಯಾರಿಗೂ ಕೊಟ್ಟಿಲ್ಲವಂತೆ, ಅದೊಂದು ಸಮಾಧಾನ. ಆದರೆ ಅವರ ಸಮಿತಿಯವರಿಗೆ ಈಗ ಅನುಮಾನ ಹೆಚ್ಚಾಗಿದೆ. ಮೊದಲು ತಂಗಿ ಅಂದಳು, ಕೇಳಿದರೆ ಹೌದು ಅಂದಳು, ಅರ್ಜಿ ಬಿದ್ದ ಮೇಲೆ ಅಲ್ಲ ಅನ್ನುತ್ತಾಳೆ, ಅಡ್ಡಹೆಸರು ಒಂದೇ, ಊರು ಒಂದೇ, ಸಂಶೋಧನಾ ಲೇಖನದಲ್ಲೂ ಇಬ್ಬರ ಹೆಸರು ಜೊತೆಗೇ ಇದೆ. ನಾನೇ ಆ ಸಮಿತಿಯಲ್ಲಿದ್ದರೂ ನಂಬುತ್ತಿರಲಿಲ್ಲ. ಆಗಸ್ಟ್ ನಡುವಿಗೆ ಅವರ ಸಭೆ. ಅಷ್ಟರೊಳಗೆ ಸಂಬಂಧವಿಲ್ಲ ಎನ್ನುವುದಕ್ಕೆ ಒಪ್ಪುವಂಥ ವಿವರಣೆಯನ್ನೋ ದಾಖಲೆಯನ್ನೋ ಕೊಡಬೇಕು.

ನಾಡಕಚೇರಿಗೂ ಹೋಗಿ ಬಂದೆ. ಅಲ್ಲಿ ಕೂತಿದ್ದವನು ಎರಡು ಸಲ ಕೇಳಿಸಿಕೊಂಡು, ‘ಮೇಡಂ, ಸಂಬಂಧ ಐತಿ ಅನ್ನಾಕ ವಂಶಾವಳಿ ಕೊಡತೀವ್ರಿ. ಸಂಬಂಧ ಇಲ್ಲ ಅನ್ನಾಕ ಹೆಂಗ ಕೊಡಾದು? ಹಂಗಂದ್ರ ಇಡೀ ತಾಲೂಕಿಗೇ ಕೊಡಬೇಕಾಗತೈತಿ’ ಅಂದ. ಹಿಂದೆ ನಿಂತವರೆಲ್ಲ ನಕ್ಕರು. ಬಿಸಿಲಲ್ಲಿ ವಾಪಸು ಬಂದೆ.

ಇನ್ನು ಈ ಸಭೆ ಮುಗಿಯುವವರೆಗೆ ನಿನ್ನನ್ನು ಅಕ್ಕ ಅನ್ನುವುದಿಲ್ಲ. ಯಾರ ಕಿವಿಗೆ ಬಿದ್ದು ಏನಾಗುತ್ತದೋ.

ಅನುಪಮಾ


ಹೈದರಾಬಾದ್
24 ಜುಲೈ 2025

ಅನು,

ಪೇಪರ್ ಕಪ್ಪಿನ ಮಾತು ಯಾಕೆ ತೆಗೆದೆ? ಈಗ ನಮ್ಮ ಮನೆಗೆ ಯಾರೇ ಬಂದರೂ ಪೇಪರ್ ಕಪ್ಪೇ. ಪಾತ್ರೆ ತಿಕ್ಕಲು ಅವ್ವನಿಗೆ ಸೊಂಟ ನೋವು. ಎಲ್ಲದರಲ್ಲೂ ಮುಳ್ಳು ಹುಡುಕುತ್ತೀ. ಅದಿರಲಿ, ಮೊದಲು ನಿನ್ನ ಕೆಲಸ ಆಗಲಿ.

ಮಸ್ಕಿ ಎನ್ನುವುದು ಮನೆತನವಲ್ಲ, ಊರು ಎಂದು ತಿಳಿಯಲಿ ಎಂದು ಅಶೋಕನ ಶಾಸನದ ಬಂಡೆಯ ಫೋಟೋ ಸಮೇತ ಅವರಿಗೆ ಕಳಿಸಿದೆ. ‘ತುಂಬಾ ಆಸಕ್ತಿಕರ’ ಎಂದು ಉತ್ತರ ಬಂತು. ಊರಿನ ಹೆಸರೇ ಮನೆತನದ ಹೆಸರಾಗಿರುವವರು ಅವರ ದೇಶದಲ್ಲೂ ಇದ್ದಾರಂತೆ, ಆದ್ದರಿಂದ ಇದರಿಂದ ಏನೂ ಸಾಬೀತಾಗುವುದಿಲ್ಲವಂತೆ. ಸಾಮ್ರಾಟನ ಸಾಕ್ಷಿಯೂ ನಡೆಯಲಿಲ್ಲ ನೋಡು.

ನನಗೆ ಎರಡು ದಾರಿ ಹೊಳೆದಿವೆ. ಒಂದು, ಡಿಎನ್‌ಎ. ನಾವೇ ಈ ವಿದ್ಯೆಯವರು. ಇಬ್ಬರೂ ಎಂಜಲು ಕೊಟ್ಟು ಪರೀಕ್ಷೆ ಮಾಡಿಸಿದರೆ ಅಕ್ಕ ತಂಗಿಯರಲ್ಲ ಎಂದು ವರದಿ ಬರುತ್ತದೆ. ಅವರೂ ವಿಜ್ಞಾನಿಗಳು, ಮರುಮಾತಾಡುವುದಿಲ್ಲ.

ಎರಡನೆಯದು ಇನ್ನೂ ಸುಲಭ. ನಿನ್ನ ಜಾತಿ ಪ್ರಮಾಣಪತ್ರ ಮತ್ತು ನನ್ನದು, ಎರಡನ್ನೂ ಸ್ಕ್ಯಾನ್ ಮಾಡಿ ಕಳಿಸಿಬಿಡೋಣ. ತಹಸೀಲ್ದಾರರ ಸಹಿ ಇದೆ, ಸೀಲ್ ಇದೆ. ಒಂದೇ ನಿಮಿಷದ ಕೆಲಸ. ಏನನ್ನುತ್ತೀ?

ಜಯಶ್ರೀ
(ಅಕ್ಕ ಬೇಡ ಅಂದೆಯಲ್ಲ)


ಲಿಂಗಸುಗೂರು
30 ಜುಲೈ 2025

ಜಯಶ್ರೀ,

ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಇಲ್ಲಿಂದಲೇ ಸ್ಪೀಡ್ ಪೋಸ್ಟಿಗೆ ಹಾಕುತ್ತೇನೆ, ದಿನ ಉಳಿಯುತ್ತದೆ.

ಡಿಎನ್‌ಎ ಬೇಡ. ವರದಿ ಬರುವುದರೊಳಗೆ ಸಭೆ ಮುಗಿದಿರುತ್ತದೆ. ಅದೂ ಅಲ್ಲದೆ ನಾಲ್ಕು ತಲೆಮಾರಿನ ಹಿಂದೆ ಎಲ್ಲೋ ಸಂಬಂಧ ಇದೆ ಎಂದು ವರದಿ ಬಂದರೆ ನಿಮ್ಮವ್ವನಿಗೆ ಏನು ಹೇಳುತ್ತೀ?

ಜಾತಿ ಪ್ರಮಾಣಪತ್ರ ಕಳಿಸುವುದಿಲ್ಲ. ‘ಒಂದೇ ನಿಮಿಷದ ಕೆಲಸ’ ಎಂದು ನೀ ಬರೆದೆಯಲ್ಲ, ಅದನ್ನು ಓದಿ ಪತ್ರವನ್ನು ಮಡಚಿಟ್ಟೆ. ಇವತ್ತು ಮತ್ತೆ ತೆಗೆದೆ. ಆ ಕಾಗದ ನನ್ನ ಹಕ್ಕು, ಅದರ ಬಗ್ಗೆ ನನಗೆ ನಾಚಿಕೆಯಿಲ್ಲ. ಆದರೆ ಇಲ್ಲಿ ನಾನು ಎಲ್ಲಿಗೆ ಹೋದರೂ ಅವರು ಮೊದಲು ಅದನ್ನು ಓದಿದರು, ಆಮೇಲೆ ನನ್ನ ಅಂಕ ನೋಡಿದರು. ಕೆಲವರು ಅಂಕ ನೋಡಲೇ ಇಲ್ಲ. ಈ ಪ್ರೊಫೆಸರಮ್ಮ ನನ್ನ ಕೆಲಸವನ್ನು ಮಾತ್ರ ನೋಡಿ ‘ಬಾ’ ಅಂದರು. ಅಂಥ ಜಾಗ ನನಗೆ ಇದೊಂದೇ ಸಿಕ್ಕಿರುವುದು. ಅಲ್ಲಿಗೂ ಆ ಕಾಗದವನ್ನು ಮುಂದೆ ಕಳಿಸಿ ಹಿಂದೆ ನಾನು ಹೋಗಲಾರೆ.

ತಂಗಿ ಎಂದು ಬರೆದವಳು ನೀನು. ಅಲ್ಲ ಎಂದು ಬರೆಯಬೇಕಾದವಳೂ ನೀನೇ. ‘ತಪ್ಪಾಯಿತು’ ಎಂದರೆ ಅವರು ನಂಬುವುದಿಲ್ಲ, ನೋಡಿದೆವಲ್ಲ. ಯಾಕೆ ತಂಗಿಯಲ್ಲ ಎಂದು ಬರೆ. ನಮ್ಮ ಜಾತಿಯ ಹೆಸರು ಹಾಕಬೇಡ. ನಿಮ್ಮ ಮನೆಯಲ್ಲಿ ಏನು ನಡೆಯುತ್ತದೆ ಎಂದು ಬರೆ. ಕಟ್ಟೆ ಬರೆ, ಕಪ್ ಬರೆ. ಗಂಗಾ ಎಲ್ಲಿ ಕೂಡುತ್ತಾಳೆ, ನಾನು ಎಲ್ಲಿ ಕೂಡುತ್ತೇನೆ ಎಂದು ಬರೆ. ಪ್ರಮಾಣಪತ್ರ ನನ್ನ ಬಗ್ಗೆ ಹೇಳುತ್ತದೆ. ಈ ಸಲ ನಿಮ್ಮ ಮನೆಯ ಬಗ್ಗೆ ಹೇಳಬೇಕು, ಅದನ್ನು ನೀನೇ ಹೇಳಬೇಕು.

ಬರೆಯುತ್ತೀ ಎಂಬ ಭರವಸೆ ನನಗಿಲ್ಲ. ನಿನಗೆ ನಿಮ್ಮವ್ವನ ಮರ್ಯಾದೆ ದೊಡ್ಡದಾಗುತ್ತದೆ. ಆದರೂ ಕೇಳಿದ್ದೇನೆ.

ಅನುಪಮಾ


ಹೈದರಾಬಾದ್
6 ಆಗಸ್ಟ್ 2025

ಅನು,

ಬರೆದೆ. ನಿನ್ನೆ ಕಳಿಸಿದೆ. ಕಳಿಸಿದ ಮೇಲೆ ನಿನ್ನ ಮೇಲೆ ಎಂಥ ಸಿಟ್ಟು ಬಂತೆಂದರೆ, ನೀ ಎದುರಿಗಿದ್ದರೆ ಹೊಡೆದುಬಿಡುತ್ತಿದ್ದೆ.

‘ನಿಮ್ಮವ್ವನ ಮರ್ಯಾದೆ’ ಎಂದು ಎಷ್ಟು ಹಗುರಾಗಿ ಬರೆದೆ! ಆಕೆ ಕೆಟ್ಟವಳಲ್ಲ. ನಿನಗೆ ಟೈಫಾಯ್ಡ್ ಆದಾಗ ಮಸ್ಕಿಯಿಂದ ಸಿಂಧನೂರಿನ ಆಸ್ಪತ್ರೆಗೆ ಗಾಡಿ ಮಾಡಿಸಿ ಕಳಿಸಿದವಳು ಆಕೆಯೇ. ಅಂಥವಳನ್ನು ಗೊತ್ತಿಲ್ಲದ ಪರದೇಶದವರ ಮುಂದೆ ನಿಲ್ಲಿಸಿ ಬಟ್ಟೆ ಬಿಚ್ಚಿದ ಹಾಗಾಯಿತು ನನಗೆ. ಬರೆದು ಹರಿದೆ, ಮತ್ತೆ ಬರೆದೆ. ‘ಸ್ಥಳೀಯ ಸಂಪ್ರದಾಯ’ ಎಂದು ದೊಡ್ಡ ಪದ ಹಾಕಿ ಮುಚ್ಚಲು ನೋಡಿದೆ. ಅದು ಸುಳ್ಳಿನಂತೆಯೇ ಕಂಡಿತು. ಕೊನೆಗೆ ನೀ ಹೇಳಿದ ಹಾಗೆ ಬರೆದೆ. ನಿನಗೆ ಇನ್ನು ಮುಚ್ಚುಮರೆ ಬೇಡ, ಕನ್ನಡದಲ್ಲಿ ಅದು ಇಷ್ಟು:

‘ಅನುಪಮಾ ನನ್ನ ತಂಗಿ ಎಂದು ನಾನು ಬರೆದೆ. ನಮ್ಮ ಭಾಷೆಯಲ್ಲಿ ಪ್ರೀತಿಯಿಂದ ಯಾರನ್ನು ಬೇಕಾದರೂ ಹಾಗೆ ಅನ್ನುತ್ತೇವೆ. ಆಕೆ ನನ್ನ ತಂಗಿಯಲ್ಲ. ನನ್ನ ತಂಗಿಯ ಹೆಸರು ಗಂಗಾ. ಗಂಗಾ ಮನೆಗೆ ಬಂದರೆ ನಮ್ಮ ತಾಯಿಯ ಜೊತೆ ಅಡುಗೆಮನೆಯಲ್ಲಿ ಕೂತು ಉಣ್ಣುತ್ತಾಳೆ. ಅನುಪಮಾ ಬಂದರೆ ಹೊರಗಿನ ಕಟ್ಟೆಯ ಮೇಲೆ ಕೂರುತ್ತಾಳೆ. ಆಕೆಗೆ ಎಸೆಯುವ ಕಪ್ಪಿನಲ್ಲಿ ಚಹಾ ಕೊಡುತ್ತೇವೆ. ಆಕೆ ಹುಟ್ಟಿದ ಜಾತಿಯ ಕಾರಣಕ್ಕೆ ನಮ್ಮ ತಾಯಿ ಆಕೆಯನ್ನು ಈವರೆಗೆ ಒಳಗೆ ಕರೆದಿಲ್ಲ, ನಾನೂ ಕರೆದಿಲ್ಲ. ನಾವು ಸಂಬಂಧಿಗಳಾಗಿದ್ದರೆ ಹೀಗೆ ನಡೆಯುತ್ತಿರಲಿಲ್ಲ. ನಮ್ಮೂರಿನಲ್ಲಿ ಇದಕ್ಕಿಂತ ದೊಡ್ಡ ಪುರಾವೆ ಇಲ್ಲ. ಈ ವಿಷಯದಲ್ಲಿ ತಪ್ಪು ಮಾಡಿದವರು ನಾವು, ಆಕೆಯಲ್ಲ.’

‘ನಾನೂ ಕರೆದಿಲ್ಲ’ ಎನ್ನುವುದನ್ನು ನೀ ಹೇಳಿರಲಿಲ್ಲ. ಬರೆಯುವಾಗ ತಾನಾಗಿ ಬಂತು.

ಈಗ ಕರೆಯುತ್ತಿದ್ದೇನೆ. ದಸರೆಗೆ ನಾನು ಮಸ್ಕಿಗೆ ಬರುತ್ತೇನೆ. ನಮ್ಮ ಮನೆಗೆ ಬಾ. ಅಡುಗೆಮನೆಯಲ್ಲೇ ಕೂಡು, ಸ್ಟೀಲ್ ತಾಟಿನಲ್ಲಿ ನಾನೇ ಬಡಿಸುತ್ತೇನೆ.

ಜಯಶ್ರೀ


ಮಸ್ಕಿ
2 ಸೆಪ್ಟೆಂಬರ್ 2025

ಜಯಶ್ರೀ,

ಕೆಲಸ ಸಿಕ್ಕಿತು. ಆದೇಶ ಬಂದಿದೆ, ನವೆಂಬರಿನಲ್ಲಿ ಸೇರಬೇಕು. ಪ್ರೊಫೆಸರಮ್ಮ ಫೋನ್ ಮಾಡಿದ್ದರು. ಸಮಿತಿಯವರು ನಿನ್ನ ಪತ್ರ ಓದಿ ಅರ್ಜಿ ಒಪ್ಪಿದರಂತೆ. ನನ್ನ ಹತ್ತಿರ ಕ್ಷಮೆ ಕೇಳಿದರು. ಅವರು ಯಾಕೆ ಕೇಳಬೇಕು, ಪಾಪ.

ಅಪ್ಪ ಕೇರಿ ತುಂಬ ಪೇಢೆ ಹಂಚಿದ. ‘ನನ್ನ ಮಗಳಿಗೆ ಪರದೇಶದಾಗ ಟಪ್ಪಾಲ ಆಫೀಸಿನ್ಯಾಗ ದೊಡ್ಡ ಪೋಸ್ಟ್ ಸಿಕ್ಕೈತಿ’ ಎಂದು ಬೇಕಂತಲೇ ಹೇಳುತ್ತಾನೆ, ಈಗ ಅವನಿಗೆ ಎಲ್ಲ ಗೊತ್ತು. ಅವ್ವ ಮಾತ್ರ ಪೇಢೆ ಕೈಯಲ್ಲಿ ಹಿಡಿದುಕೊಂಡು ಅತ್ತಳು. ನನಗೂ ಅಳು ಬಂತು, ಖುಷಿಯೋ ಸಂಕಟವೋ ಬಿಡಿಸಿ ನೋಡಲಿಲ್ಲ. ನಿಮ್ಮ ಮನೆಯ ಹೊರಗೆ ಕೂಡಿಸಿದ್ದೇ ಪುರಾವೆಯಾಗಿ ನನ್ನನ್ನು ಅಲ್ಲಿ ಒಳಗೆ ಸೇರಿಸಿತು.

ನೀ ಬರೆದದ್ದು ಸಣ್ಣ ಕೆಲಸವಲ್ಲ. ಅದು ನನಗೆ ಗೊತ್ತಿದೆ. ‘ನಾನೂ ಕರೆದಿಲ್ಲ’ ಎನ್ನುವ ಸಾಲನ್ನು ಬಹಳ ಸಲ ಓದಿದೆ.

ಇನ್ನು ನಿನ್ನ ಕರೆಯ ಮಾತು. ಮೊನ್ನೆ ನಿಮ್ಮವ್ವ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ‘ಪರದೇಶಕ್ಕ ಹೊಂಟೀಯಂತಲ್ಲವ್ವ, ಛಲೋ ಆತು’ ಎಂದು ತಲೆ ನೇವರಿಸಿದರು. ಮನೆಗೆ ಬಾ ಅನ್ನಲಿಲ್ಲ. ದಸರೆಯ ಮಾತೂ ಎತ್ತಲಿಲ್ಲ. ನೀನು ನನ್ನನ್ನು ಕರೆದಿರುವುದು ಅವರಿಗೆ ಗೊತ್ತಿಲ್ಲ ಎಂದು ನನ್ನ ಅನುಮಾನ. ನೀ ಪತ್ರದಲ್ಲಿ ಬರೆದದ್ದೂ ಅವರಿಗೆ ಗೊತ್ತಿರಲಿಕ್ಕಿಲ್ಲ. ಗಂಗಾ ಜೊತೆ ಮಾತಾಡಿ ಇಬ್ಬರೂ ಅವರನ್ನು ಯಾವುದಾದರೂ ಗುಡಿಗೆ ಕಳಿಸಿ, ಆ ಹೊತ್ತಿನಲ್ಲಿ ನನ್ನನ್ನು ಒಳಗೆ ಕೂಡಿಸಿ, ತಾಟು ತೊಳೆದು ಇಡುತ್ತೀರಿ. ತಪ್ಪಾಗಿದ್ದರೆ ತಪ್ಪು ಅನ್ನು. ಹಾಗೆ ಉಣ್ಣಲು ನಾನು ಬರುವುದಿಲ್ಲ.

ನೀ ಬಾ ನಮ್ಮ ಮನೆಗೆ. ದಸರೆಯ ಮರುದಿನ ಬಾ. ಅವ್ವ ಸಜ್ಜೆ ರೊಟ್ಟಿ ಮಾಡುತ್ತಾಳೆ, ಎಣ್ಣೆಗಾಯಿ ಮಾಡುತ್ತಾಳೆ. ನಿನಗೆ ನಮ್ಮ ಅಡುಗೆಮನೆ ಹೊಸದಲ್ಲ. ಓದುವ ದಿನಗಳಲ್ಲಿ ಎಷ್ಟು ಸಲ ಬಂದು ಉಂಡಿದ್ದೀ, ಎರಡೆರಡು ಸಲ ಹಾಕಿಸಿಕೊಂಡು ಉಂಡಿದ್ದೀ. ಉಂಡು ಬಾಯಿ ಒರೆಸಿಕೊಂಡು ಹೋಗಿ, ‘ಹೋಟೆಲ್‌ನ್ಯಾಗ ಉಂಡೆ ಯವ್ವಾ’ ಎಂದು ನಿಮ್ಮ ಮನೆಯಲ್ಲಿ ಹೇಳುತ್ತಿದ್ದೆ. ಅದು ನಮ್ಮವ್ವನಿಗೂ ಗೊತ್ತಿತ್ತು. ಗೊತ್ತಿದ್ದೂ ಬಡಿಸುತ್ತಿದ್ದಳು.

ಈ ಸಲ ಹಂಗ ಬ್ಯಾಡ. ಬರತಿ ಅಂತ ನನಗ ನಂಬಿಕಿ ಇಲ್ಲ. ಬರೋದಾದ್ರ ನಿಮ್ಮವ್ವಗ ಹೇಳಿ ಬಾ. ಕದ್ದು ಬರಬ್ಯಾಡ.

ಅನುಪಮಾ